ದನಿ ತಗ್ಗಿದಷ್ಟೂ ಏರುವ ಬೆಲೆ: ಮಲಪ್ರಭೆಯ ಸೀಮೆಯ ಹರಳು ವ್ಯಾಪಾರ

ಕನ್ನಡದಲ್ಲಿ ‘ಹರಳು’ ಎಂಬ ಒಂದೇ ಮಾತು ಹೊಳೆಯ ದಂಡೆಯ ಉರುಟು ಕಲ್ಲಿಗೂ, ಎಣ್ಣೆ ತೆಗೆಯುವ ಔಡಲದ ಬೀಜಕ್ಕೂ, ಉಪ್ಪಿನ ಗಟ್ಟಿಗೂ, ಉಂಗುರದಲ್ಲಿ ಕೂರಿಸಿದ ಮಾಣಿಕ್ಯಕ್ಕೂ ಸಲ್ಲುತ್ತದೆ. ಬೆಲೆಯಿಲ್ಲದ ಕಲ್ಲನ್ನೂ ಬೆಲೆ ಕಟ್ಟಲಾಗದ ಕಲ್ಲನ್ನೂ ಭಾಷೆ ಹೀಗೆ ಒಂದೇ ಹೆಸರಿನಡಿ ಇರಿಸಿದ್ದರಿಂದ, ಅವೆರಡರ ನಡುವಿನ ಅಂತರವನ್ನು ಗುರುತಿಸುವ ಹೊಣೆ ಪೇಟೆಗೆ, ಅಂದರೆ ಮಾರುವವನ ಕೈಗೂ ಕೊಳ್ಳುವವನ ಕಣ್ಣಿಗೂ, ಉಳಿಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಸೀಮೆಯಲ್ಲಿ ಈ ಗುರುತಿಸುವಿಕೆ ಹೇಗೆ ನಡೆದುಬಂತು ಎಂಬುದನ್ನು ನೋಡಿದರೆ ಒಂದು ರೂಢಿ ಕಣ್ಣಿಗೆ ಬೀಳುತ್ತದೆ: ಅಗ್ಗದ ಹರಳಿಗೆ ಚೌಕಾಸಿ ಗಟ್ಟಿ ದನಿಯಲ್ಲಿ ನಡೆಯುತ್ತದೆ, ಬೆಲೆ ಏರಿದಂತೆ ದನಿ ತಗ್ಗುತ್ತದೆ, ಇನ್ನೂ ಮೇಲಕ್ಕೆ ಹೋದರೆ ಮಾತೇ ನಿಂತು ಬೆರಳುಗಳು ಮಾತಾಡತೊಡಗುತ್ತವೆ, ತುತ್ತತುದಿಯ ಕಲ್ಲುಗಳ ಮುಂದೆ ಬೆಲೆ ಕೇಳುವುದೇ ತಪ್ಪೆನಿಸುತ್ತದೆ.

ಕಲ್ಲಿನ ಮಟ್ಟಿಗೆ ಈ ಸೀಮೆ ಬಡವಲ್ಲ. ಭೂವಿಜ್ಞಾನಿಗಳು ‘ಕಲಾದಗಿ’ ಎಂದು ಕರೆಯುವ ಬಹು ಹಳೆಯ ಶಿಲಾಸಮೂಹ ಇಲ್ಲಿ ಹರಡಿದ್ದು, ಅದರ ಪದರಗಳಿಗೆ ಇಟ್ಟ ಹೆಸರುಗಳಲ್ಲಿ ಈ ಊರುಗಳೇ ಸೇರಿಕೊಂಡಿವೆ. ರಾಮದುರ್ಗ ಶಿಲಾಸ್ತರ, ಸವದತ್ತಿಯ ಬೆಣಚುಶಿಲೆ, ಮುನವಳ್ಳಿಯ ಜೇಡಿಶಿಲೆ, ಯರಗಟ್ಟಿ ಶಿಲಾಸ್ತರ ಎಂಬ ಮಾತುಗಳು ಶಾಸ್ತ್ರಗ್ರಂಥಗಳಲ್ಲಿ ರೂಢಿಯಾಗಿವೆ. ಈ ಸಮೂಹದ ತಳದಲ್ಲಿರುವ ಉಂಡೆಗಲ್ಲಿನ ಪದರಗಳಲ್ಲಿ ಬೆಣಚು ಕಲ್ಲಿನ ಜೊತೆಗೆ ಜಾಸ್ಪರ್ ಎಂಬ, ಕಬ್ಬಿಣದ ಅಂಶದಿಂದ ಕೆಂಪಾದ, ಉಜ್ಜಿದರೆ ಕನ್ನಡಿಯಂತೆ ಹೊಳಪೇರುವ ಕಲ್ಲೂ ಸಿಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಬೆಣಚುಶಿಲೆಯ ಕಣಿವೆಯನ್ನು ಸೀಳಿ, ಮುನವಳ್ಳಿ, ತೊರಗಲ್ಲು, ರಾಮದುರ್ಗಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಈ ಕಲ್ಲುಗಳನ್ನು ಸಾವಿರಾರು ವರ್ಷ ಉರುಳಿಸಿ ನುಣುಪು ಮಾಡಿದ್ದಾಳೆ. ಈ ಭಾಗದಲ್ಲಿ ಕಲ್ಲಿಗೆ ಮೆರುಗು ಕೊಡುವ ಕಸುಬನ್ನು ಮೊದಲು ಹಿಡಿದದ್ದು ಹೊಳೆಯೇ ಎಂದರೆ ಅತಿಶಯೋಕ್ತಿಯಾಗದು. ಈ ದಂಡೆಯ ಕಲ್ಲನ್ನು ಆರಿಸಿಕೊಂಡ ಮೊದಲ ಗಿರಾಕಿ ಆದಿಮಾನವ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ, ಆರ್. ವಿ. ಜೋಶಿ 1955ರಲ್ಲಿ ಹೊರತಂದ ಮಲಪ್ರಭಾ ಕಣಿವೆಯ ಅಧ್ಯಯನದಲ್ಲಿಯೂ ಈ ಹೊಳೆಯ ಗುಂಡುಗಲ್ಲುಗಳಿಂದ ಮಾಡಿದ ಹಳೆಯ ಶಿಲಾಯುಗದ ಕೈಕೊಡಲಿಗಳ ವಿವರಗಳಿವೆ.

ಆದರೆ ಮನೆಯ ಬಾಗಿಲಲ್ಲೇ ಬಿದ್ದ ಕಲ್ಲಿಗೆ ಬೆಲೆ ಬರುವುದಿಲ್ಲ; ದೂರದಿಂದ ಬಂದ ಕಲ್ಲಿಗೆ ಮಾತ್ರ ಪೇಟೆ ಹುಟ್ಟುತ್ತದೆ. ಜನ ಅಕೀಕ ಎಂದು ಕರೆಯುವ, ಗೆರೆಗೆರೆಯಾದ ಅಥವಾ ಇಟ್ಟಿಗೆಗೆಂಪಿನ ಬೆಣಚು ಜಾತಿಯ ಕಲ್ಲು ದಕ್ಷಿಣದ ಕಪ್ಪು ಶಿಲೆಯ ಪೊಟರೆಗಳಲ್ಲಿ ಅಲ್ಲಲ್ಲಿ ಸಿಗುವಂಥದೇ ಆದರೂ, ಅದನ್ನು ಮಣಿಯಾಗಿಸುವ ಕಸುಬಿನಲ್ಲಿ ದೊಡ್ಡ ಹೆಸರು ಗುಜರಾತಿನ ಖಂಬಾತಿನದು. ಅಲ್ಲಿನ ಕಸುಬುದಾರರು ಕಲ್ಲನ್ನು ಬೆರಣಿಯ ಬೆಂಕಿಯಲ್ಲಿ ಸುಟ್ಟು ಕೆಂಪೇರಿಸಿ, ಕಬ್ಬಿಣದ ಮೊನೆಗೆ ಆನಿಸಿ ಕೊಂಬಿನ ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ, ರಂಧ್ರ ಕೊರೆದು, ಕೊನೆಗೆ ಮಣಿಗಳನ್ನು ಕುರುಂದದ ಪುಡಿ ಮತ್ತು ನೀರಿನೊಂದಿಗೆ ತೊಗಲಿನ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕೂತು ಆ ಚೀಲವನ್ನು ಹತ್ತು ಹದಿನೈದು ದಿನ ಅತ್ತಿಂದಿತ್ತ ಉರುಳಿಸುತ್ತಿದ್ದರು. ಹೊಳೆ ಯುಗಗಳಲ್ಲಿ ಮಾಡುವ ಕೆಲಸವನ್ನು ಒಂದು ಪಕ್ಷದೊಳಗೆ ಮುಗಿಸುವ ಜಾಣ್ಮೆ ಇದು. ಖಂಬಾತಿನ ಸರಕು ದಕ್ಷಿಣಕ್ಕೆ ಬರಲು ವರ್ತಕರ ದಾರಿಗಳು ಬಹುಕಾಲದಿಂದ ತೆರೆದಿದ್ದವು. ಸವದತ್ತಿಯನ್ನು ಸುಗಂಧವರ್ತಿ ಎಂಬ ಹೆಸರಿನಲ್ಲಿ ರಾಜಧಾನಿಯಾಗಿ ಮಾಡಿಕೊಂಡು, ಬಳಿಕ ವೇಣುಗ್ರಾಮಕ್ಕೆ ಅಂದರೆ ಬೆಳಗಾವಿಗೆ ನೆಲೆ ಬದಲಿಸಿದ ರಟ್ಟರ ಕಾಲದ 1204ರ ಶಾಸನವು, ವೇಣುಗ್ರಾಮದ ಪೇಟೆಯಲ್ಲಿ ಸ್ಥಳೀಯ ವರ್ತಕ ಸಂಘಗಳ ಜೊತೆಗೆ ಲಾಳರೂ ಮಲಯಾಳರೂ ಸೇರಿ ಜಿನಾಲಯಕ್ಕೆ ಸುಂಕದ ದತ್ತಿ ಬಿಟ್ಟ ಸಂಗತಿಯನ್ನು ದಾಖಲಿಸುತ್ತದೆ. ಲಾಳರೆಂದರೆ ಗುಜರಾತಿನ ಲಾಟ ದೇಶದವರು. ಮಲಪ್ರಭೆಯ ಕೆಳದಂಡೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ಸಂಘವಂತೂ, ಶಿಕಾರಿಪುರ ಭಾಗದ 1054ರ ಶಾಸನವೊಂದರಲ್ಲಿ, ತನ್ನ ಸರಕಿನ ಪಟ್ಟಿಯಲ್ಲಿ ನೀಲ, ಚಂದ್ರಕಾಂತ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆಗಳನ್ನು ಆನೆ ಕುದುರೆಗಳ ಸಾಲಿನಲ್ಲೇ ಸೇರಿಸಿಕೊಂಡಿದೆ. ಅದೇ ಸಂಘದವರು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಊರೂರು ತಿರುಗಿಯೂ ಮಾರುತ್ತಿದ್ದರು ಎಂಬುದು ಗಮನಿಸತಕ್ಕ ವಿಷಯ. ಅರಮನೆಯ ಜವಾಹಿರಿಯೂ ಜಾತ್ರೆಯ ಮಣಿ ಮಾರುವವನೂ ಒಂದೇ ವಂಶವೃಕ್ಷದ ಎರಡು ಕೊಂಬೆಗಳು.

ಹರಳನ್ನು ಪರೀಕ್ಷಿಸುವುದು ಅರಸರ ವಿದ್ಯೆಯೂ ಆಗಿತ್ತು. ರಟ್ಟರಿಗೆ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಭಂಡಾರವನ್ನು ಕುರಿತ ಅಧ್ಯಾಯದೊಳಗೆ ರತ್ನಗಳ ಗುಣದೋಷಗಳ ವಿಚಾರ ಬರುತ್ತದೆ. ಸಂಸ್ಕೃತ ಬಾರದ ಪತ್ತಾರರಿಗೂ, ಅಂದರೆ ಉತ್ತರ ಕರ್ನಾಟಕದ ಅಕ್ಕಸಾಲಿಗರಿಗೂ, ಗಿರಾಕಿಗಳಿಗೂ ತಮ್ಮದೇ ಆದ ಪರೀಕ್ಷೆಗಳಿದ್ದವು. ಹರಳನ್ನು ನಾಲಿಗೆಗೆ ಅಥವಾ ಕೆನ್ನೆಗೆ ತಾಗಿಸಿದಾಗ ನಿಜವಾದ ಕಲ್ಲು ತಣ್ಣಗಿದ್ದು, ಗಾಜು ಬೇಗ ಬೆಚ್ಚಗಾಗುತ್ತದೆ. ಮುತ್ತನ್ನು ಹಲ್ಲಿಗೆ ಉಜ್ಜಿದರೆ ಸಾಚಾ ಮುತ್ತು ಮರಳು ಮರಳಾಗಿ ತಾಗುತ್ತದೆ. ಹವಳದ ಮೇಲೆ ಲಿಂಬೆಹುಳಿ ಬಿದ್ದರೆ ಸಣ್ಣಗೆ ನೊರೆಯೇಳುತ್ತದೆ. ಬೆಣಚು ಜಾತಿಯ ಕಲ್ಲು ಗಾಜನ್ನು ಗೀಚುತ್ತದೆ, ಗಾಜು ಅದನ್ನು ಗೀಚಲಾರದು. ಚಿನ್ನವನ್ನು ತಿಕ್ಕಿ ಬಣ್ಣ ನೋಡುವ ಒರೆಗಲ್ಲು ಮಾತ್ರ ಇಡೀ ಪೇಟೆಯಲ್ಲಿ ಮಾರಾಟಕ್ಕಿಲ್ಲದ ಹರಳು: ಕರ್ರಗೆ ನುಣುಪಾದ ಆ ಕಲ್ಲು ಅಂಗಡಿಯ ಆಸ್ತಿಯಾಗಿ, ಕಸುಬಿನೊಡನೆ ಅಪ್ಪನಿಂದ ಮಗನಿಗೆ ದಾಟುತ್ತಿತ್ತು. ತೂಕಕ್ಕೆ ಗುಲಗಂಜಿ ಇತ್ತು. ತೊಂಬತ್ತಾರು ಗುಂಜಿಗೆ ಒಂದು ತೊಲಿ, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಆ ಬೀಜ ತಾನೇ ಮೆರುಗು ಕೊಟ್ಟ ಹರಳಿನಂತಿದ್ದುದು ಈ ಕಸುಬಿನ ಒಂದು ಚೆಲುವಾದ ಆಕಸ್ಮಿಕ.

ಪರೀಕ್ಷೆ ಮುಗಿದ ಮೇಲೆ ಬೆಲೆಯ ಮಾತು. ದುಬಾರಿ ಹರಳಿನ ಬೆಲೆ ಮಾತಿಲ್ಲದೆ ತೀರ್ಮಾನವಾಗುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟವನು ಫ್ರಾನ್ಸಿನ ಜವಾಹಿರಿ ಝಾನ್ ಬಾತಿಸ್ತ್ ತವೆರ್ನಿಯೆ. ಹದಿನೇಳನೆಯ ಶತಮಾನದಲ್ಲಿ ಹಲವು ಬಾರಿ ಭಾರತಕ್ಕೆ ಬಂದು, 1676ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಈತ, ಆಗ ವಿಜಾಪುರದ ಆದಿಲಶಾಹಿಗೆ ಸೇರಿದ್ದ ರಾವೊಲಕೊಂಡದ ವಜ್ರದ ಗಣಿಯಲ್ಲಿ ಕಂಡದ್ದು ಹೀಗಿದೆ. ಮಾರುವವನೂ ಕೊಳ್ಳುವವನೂ ಎದುರುಬದುರು ಕೂರುತ್ತಾರೆ. ಒಬ್ಬನು ಸೊಂಟವಸ್ತ್ರದ ಸೆರಗನ್ನು ಬಿಚ್ಚಿ ಕೈಗಳ ಮೇಲೆ ಹೊದಿಸುತ್ತಾನೆ. ಒಳಗೆ ಕೈಯನ್ನು ಪೂರ್ತಿ ಹಿಡಿದರೆ ಸಾವಿರ, ಐದು ಬೆರಳು ಮಾತ್ರ ಹಿಡಿದರೆ ಐನೂರು, ಒಂದೇ ಬೆರಳಿಗೆ ನೂರು, ನಡುಗೆಣ್ಣಿನವರೆಗೆ ಹಿಡಿದರೆ ಐವತ್ತು, ತುದಿಗೆಣ್ಣು ಹಿಡಿದರೆ ಹತ್ತು. ಸುತ್ತಲೂ ಜನ ನೆರೆದಿದ್ದರೂ ಆ ಸರಕು ಎಷ್ಟಕ್ಕೆ ಕೈ ಬದಲಿಸಿತೆಂಬುದು ಮೂರನೆಯವರಿಗೆ ತಿಳಿಯುವುದಿಲ್ಲ. ಮಾರಾಟದ ಮೇಲೆ ನೂರಕ್ಕೆ ಎರಡು ಅರಸನ ಪಾಲು. ಹತ್ತರಿಂದ ಹದಿನಾರರ ವಯಸ್ಸಿನ ವ್ಯಾಪಾರಿ ಮಕ್ಕಳು ಮುಂಜಾನೆ ಮರದಡಿ ಕೂತು, ಒಂದು ಬದಿಗೆ ತೂಕದ ಬಟ್ಟುಗಳ ಚೀಲ, ಇನ್ನೊಂದು ಬದಿಗೆ ವರಹಗಳ ಚೀಲ ಕಟ್ಟಿಕೊಂಡು, ತಂದವರಿಂದ ವಜ್ರ ಕೊಂಡು, ಸಂಜೆ ದೊಡ್ಡ ವರ್ತಕರಿಗೆ ಮಾರಿ ಲಾಭ ಹಂಚಿಕೊಳ್ಳುತ್ತಿದ್ದುದನ್ನೂ ಆತ ಬೆರಗಿನಿಂದ ಬಣ್ಣಿಸಿದ್ದಾನೆ. ಇದಕ್ಕೂ ಎರಡು ಶತಮಾನ ಮೊದಲು, 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಅಲ್ಲಿ ಮುತ್ತು ಮಾಣಿಕ್ಯಗಳನ್ನು ಬಯಲು ಪೇಟೆಯಲ್ಲಿ ಮಾರುತ್ತಿದ್ದರೆಂದು ಬರೆದಿದ್ದನ್ನು ಇದರ ಜೊತೆಗಿಟ್ಟು ಓದಬೇಕು. ಸರಕನ್ನು ಬಯಲಿಗಿಡುವುದು ಬೇರೆ, ಬೆಲೆಯನ್ನು ಬಯಲಿಗಿಡುವುದು ಬೇರೆ. ಪಠ್ಯಪುಸ್ತಕಗಳು ಮೊದಲನೆಯದನ್ನಷ್ಟೇ ಹೇಳಿ ಸುಮ್ಮನಾಗುವುದರಿಂದ ಎರಡನೆಯದು ಮರೆತುಹೋಗಿದೆ.

ಆದಿಲಶಾಹಿ ಅಳಿದರೂ ಈ ಬೆರಳ ಭಾಷೆ ಅಳಿಯಲಿಲ್ಲ. ಉತ್ತರ ಕರ್ನಾಟಕದ ದನದ ಪೇಟೆಗಳಲ್ಲಿ, ಜಾತ್ರೆಯ ದನದ ಸಾಲುಗಳಲ್ಲಿ, ದಲಾಲಿಯು ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹರವಿ, ಅದರಡಿ ಬೆರಳು ಹಿಡಿದು ಎತ್ತಿನ ಜೋಡಿಗೆ ಬೆಲೆ ಕಟ್ಟುವ ಪದ್ಧತಿ ಮೊಬೈಲ್ ಫೋನಿನ ಕಾಲಕ್ಕೂ ಬಂದು ತಲುಪಿದೆ. ಹಿಡಿದ ಬೆರಳು ನೂರೋ ಸಾವಿರವೋ ಎಂಬುದು ಸರಕನ್ನು ನೋಡಿದ ಇಬ್ಬರಿಗೂ ಹೇಳದೆಯೇ ತಿಳಿದಿರುತ್ತದೆ. ವಜ್ರಕ್ಕೂ ಎತ್ತಿಗೂ ಒಂದೇ ಪದ್ಧತಿ ಒದಗಿದ್ದು ವಿಚಿತ್ರವಲ್ಲ: ಎರಡೂ ಒಂದರಂತೆ ಇನ್ನೊಂದಿಲ್ಲದ ಸರಕು, ಎರಡರಲ್ಲೂ ಒಬ್ಬನಿಗೆ ಕೊಟ್ಟ ಬೆಲೆ ಬಯಲಾದರೆ ಮುಂದಿನ ಗಿರಾಕಿ ಅದನ್ನೇ ಹಿಡಿದು ಕೂರುತ್ತಾನೆ.

ಗಟ್ಟಿ ದನಿಯ ಚೌಕಾಸಿಯ ದೊಡ್ಡ ರಂಗಸ್ಥಳವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ರಾಯಬಾಗದ ಬೊಮ್ಮಪ್ಪ ನಾಯಕನು 1514ರಲ್ಲಿ ಕಟ್ಟಿಸಿದನೆಂದು ಹೇಳುವ ರೇಣುಕಾ ಎಲ್ಲಮ್ಮನ ಗುಡಿಗೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಕರ್ನಾಟಕ, ಮಹಾರಾಷ್ಟ್ರ, ಗೋವೆ, ಆಂಧ್ರ ಸೀಮೆಗಳ ಭಕ್ತರು ಲಕ್ಷಗಟ್ಟಲೆ ನೆರೆಯುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ರೈಲು ಬರಲಿಲ್ಲವಾದ್ದರಿಂದ ಬಹುಕಾಲ ಜನರೂ ಸರಕೂ ಚಕ್ಕಡಿಯಲ್ಲೇ ಬಂದರು. ಹಗುರಾಗಿದ್ದು, ಒಡೆಯದೆ, ಕೊಳೆಯದೆ, ಒಂದು ಗಂಟಿನಲ್ಲಿ ನೂರು ಗಿರಾಕಿಗಳಿಗೆ ಸಾಲುವ ಮಣಿ ಹರಳುಗಳು ಇಂಥ ದಾರಿಗೆ ಹೇಳಿ ಮಾಡಿಸಿದ ಸರಕು. ಭಂಡಾರವೆನ್ನುವ ಅರಿಸಿನಪುಡಿ, ಕುಂಕುಮಗಳ ರಾಶಿಗಳ ನಡುವೆ ಕವಡಿ ಸರ, ಕರಿಮಣಿ, ಸ್ಫಟಿಕದ ಮಾಲೆ, ಬಣ್ಣದ ಹರಳಿನ ಉಂಗುರ, ಹವಳವೆಂದು ಹೇಳುವ ಕೆಂಪು ಮಣಿಗಳನ್ನು ಹರವಿಕೊಂಡು ಕೂರುವವರ ಮುಂದೆ ನಡೆಯುವ ಮಾತುಕತೆಗೆ ಗೊತ್ತಾದ ಹೆಜ್ಜೆಗಳಿವೆ. ಮಾರುವವನು ಮೊದಲು ಏರಿಸಿ ಹೇಳುತ್ತಾನೆ. ಕೊಳ್ಳುವವಳು ಅರ್ಧಕ್ಕಿಂತ ಕೆಳಗೆ ಕೇಳುತ್ತಾಳೆ. ಆತ ಅವಳನ್ನು ಯವ್ವಾ ಎಂದೋ ಅಕ್ಕಾ ಎಂದೋ ಕರೆದು ಬೋಣಿಗೆಯ ಹೊತ್ತೆಂದು ನೆನಪಿಸುತ್ತಾನೆ. ಅವಳು ಸರವನ್ನು ಕೆಳಗಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾಳೆ. ‘ಕಡೀ ಮಾತು ಹೇಳ್ರಿ’ ಎಂಬ ಕೂಗು ಆಕೆಯನ್ನು ಹಿಂದಕ್ಕೆ ತರುತ್ತದೆ. ಬೆಲೆ ಕುದುರಿದ ಮೇಲೂ ಒಂದೆಳೆ ಮಣಿಯನ್ನೋ ಒಂದು ಉಂಗುರವನ್ನೋ ಕೊಸರು ಕೇಳುವುದು ಬಾಕಿಯಿರುತ್ತದೆ. ದನದ ಪೇಟೆಯಲ್ಲಿ ವಲ್ಲಿ ಮುಚ್ಚಿಡುವ ಬೆಲೆಯನ್ನು ಇಲ್ಲಿ ಪಕ್ಕದ ಗಿರಾಕಿಗಳೂ ಕೇಳಲೆಂದೇ ಕೂಗಲಾಗುತ್ತದೆ, ಏಕೆಂದರೆ ಸರಕು ನೂರಾರು, ಬೆಲೆ ಸಣ್ಣದು, ಒಬ್ಬಳು ಕೊಂಡದ್ದನ್ನು ಕಂಡು ಹತ್ತು ಮಂದಿ ಕೂರುತ್ತಾರೆ.

ಈ ಅಗ್ಗದ ಮಣಿಗಳಲ್ಲೇ ಒಂದು ಬಗೆ, ಮೇಲೆ ಹೇಳಿದ ರೂಢಿಯನ್ನು ತಲೆಕೆಳಗು ಮಾಡುತ್ತದೆ. ಕೆಂಪು ಬಿಳಿ ಮಣಿಗಳನ್ನು ಪೋಣಿಸಿದ ಸರಕ್ಕೆ ಇಲ್ಲಿ ‘ಮುತ್ತು’ ಎಂದು ಹೆಸರು, ಅದರಲ್ಲಿ ಸಮುದ್ರದ ಮುತ್ತು ಇಲ್ಲದಿದ್ದರೂ. ಬಡ, ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಈ ಸರವನ್ನು ಕಟ್ಟಿ ಎಲ್ಲಮ್ಮನಿಗೆ ಬಿಡುವ ‘ಮುತ್ತು ಕಟ್ಟುವ’ ಆಚರಣೆ ಅವರನ್ನು ಮದುವೆಯಿಂದ ಹೊರಗಿಟ್ಟು ದೇವದಾಸಿಯರನ್ನಾಗಿ ಮಾಡುತ್ತಿತ್ತು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಇದನ್ನು ಅಕ್ರಮವೆಂದು ಸಾರಿತು. ಕರ್ನಾಟಕ ಸರ್ಕಾರ 1982ರಲ್ಲಿ ಇನ್ನೊಂದು ನಿಷೇಧ ಕಾಯಿದೆ ಮಾಡಬೇಕಾಗಿ ಬಂತೆಂಬುದೇ ಮೊದಲನೆಯದು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಹೇಳುತ್ತದೆ. ಗುಡ್ಡದ ಸಾಲಂಗಡಿಯಲ್ಲಿ ಮಣಿಯ ಬೆಲೆಗೆ ಜಗ್ಗಾಡಬಹುದಿತ್ತು. ಆ ಮಣಿ ಕೊರಳಿಗೆ ಬಿದ್ದ ಮೇಲೆ ತೆರಬೇಕಾದದ್ದರ ಬಗ್ಗೆ ಯಾರೂ ಆ ಹುಡುಗಿಯನ್ನು ಕೇಳುತ್ತಿರಲಿಲ್ಲ.

ಬೆಲೆಯ ಮಾತೇ ಸಲ್ಲದ ಹರಳುಗಳೂ ಈ ಸೀಮೆಯಲ್ಲಿ ಮನೆಮನೆಯಲ್ಲಿವೆ. ಲಿಂಗಾಯತರು ಕೊರಳಲ್ಲಿ ಧರಿಸುವ ಇಷ್ಟಲಿಂಗವೆಂದರೆ ಒಳಗಿನ ಪುಟ್ಟ ಶಿಲೆಯ ಮೇಲೆ ಕಂತಿ ಎಂಬ ಕಪ್ಪು ಲೇಪವನ್ನು ಕೊಟ್ಟು ಕನ್ನಡಿಯಂತೆ ನುಣುಪು ಮಾಡಿದ್ದು. ಅದು ದೀಕ್ಷೆಯ ಹೊತ್ತಿನಲ್ಲಿ ಗುರುವಿನ ಕೈಯಿಂದ ಬರುತ್ತದೆ. ಅದನ್ನಿಡುವ ಬೆಳ್ಳಿಯ ಕರಡಿಗೆಗೆ ಎಷ್ಟು ಬೇಕಾದರೂ ಚೌಕಾಸಿ ನಡೆಯಬಹುದು, ಒಳಗಿನ ಲಿಂಗಕ್ಕೆ ನಡೆಯುವುದಿಲ್ಲ. ರಾಮದುರ್ಗವನ್ನು 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಆಳಿದ ಭಾವೆ ಮನೆತನದಂಥ ಬ್ರಾಹ್ಮಣರ ಪೂಜಾಪೆಟ್ಟಿಗೆಯ ಸಾಲಿಗ್ರಾಮಕ್ಕೂ ಇದೇ ಮಾತು ಅನ್ವಯಿಸುತ್ತದೆ: ನೇಪಾಳದ ಗಂಡಕಿ ನದಿಯಲ್ಲಿ ಸಿಗುವ, ಬಹು ಹಿಂದೆ ಅಳಿದ, ಸುರುಳಿ ಚಿಪ್ಪಿನ ಕಡಲಜೀವಿಯ ಅಚ್ಚುಳ್ಳ ಆ ಕಪ್ಪು ಶಿಲೆಯನ್ನು ಮಾರುವುದೂ ಅದಕ್ಕೆ ಬೆಲೆ ಕಟ್ಟುವುದೂ ಪಾಪವೆಂದು ಧರ್ಮಗ್ರಂಥಗಳು ಹೇಳುತ್ತವೆ. ಈ ಎರಡು ಪರಂಪರೆಗಳ ನಡುವೆ ವಾದವಿವಾದಗಳಿಗೆ ಲೆಕ್ಕವಿಲ್ಲವಾದರೂ, ನುಣುಪಾದ ಕರಿಯ ಕಲ್ಲಿನ ಬೆಲೆ ಕೇಳಬಾರದೆಂಬಲ್ಲಿ ಅವು ಒಂದಾಗಿವೆ.

ಇವೆಲ್ಲದರ ನಡುವೆ ಅರಮನೆಯ ಭಂಡಾರದ ಸ್ಥಾನ ವಿಲಕ್ಷಣವಾದುದು. ಕಿತ್ತೂರು ಸಂಸ್ಥಾನದ ಮೂಲಪುರುಷರು ವಿಜಾಪುರದ ಸೈನ್ಯದೊಡನೆ 1585ರಲ್ಲಿ ಸಾಗರ ಎಂಬ ಊರಿನಿಂದ ಬಂದು ಸಂಪಗಾವಿಯಲ್ಲಿ ನೆಲೆನಿಂತ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. ಹೆಸರೇ ಸೂಚಿಸುವಂತೆ ವ್ಯಾಪಾರಿ ಮನೆತನದವರು. ಕೊಂಡು ಮಾರುವ ಕುಲದವರು ದೇಸಾಯಿಗಳಾದ ಮೇಲೆ ಕೂಡಿಟ್ಟ ಹರಳು, ಹೊನ್ನುಗಳ ಸುತ್ತಲೇ ಆ ಸಂಸ್ಥಾನದ ಕೊನೆಯೂ ನಡೆಯಿತು. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿ ಕಾವಲಿರಿಸಿದನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಕಿತ್ತೂರಿನ ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು, ಆಕೆಯ ಸಮಾಧಿ ಅಲ್ಲಿಯೇ ಇದೆ. ಹರಳು ಕೈ ಬದಲಿಸುವ ದಾರಿಗಳಲ್ಲಿ ಮಾತೂ ಬೆರಳೂ ಬೇಡವಾದದ್ದು ಇದೊಂದೇ; ಅರಗಿನ ಮೊಹರೊಂದು ಸಾಕಾಯಿತು.

ಸಾಮಾನ್ಯ ಮನೆತನಗಳ ಹರಳು ಎತ್ತ ಹೋದವು ಎಂಬ ಪ್ರಶ್ನೆಗೆ ಉತ್ತರ ಪತ್ತಾರನ ಕುಲುಮೆಯ ಬಳಿ ಸಿಗುತ್ತದೆ. ಹಳೆಯ ಒಡವೆಯನ್ನು ಹಳೆಯದೆಂಬ ಕಾರಣಕ್ಕೆ ಮೆಚ್ಚಿ ಕೊಳ್ಳುವ ಪೇಟೆ ಮಹಾನಗರಗಳದು. ಈ ಸೀಮೆಯಲ್ಲಿ ಅಜ್ಜಿಯ ಬೋರಮಾಳ ಮೊಮ್ಮಗಳ ಮದುವೆಗೆ ಕರಗಿ ಬೇರೊಂದಾಗುವುದೇ ಪದ್ಧತಿ. ಚಿನ್ನಕ್ಕೆ ವಯಸ್ಸಿಲ್ಲ, ಮೂಸೆ ಅದನ್ನು ಪ್ರತಿ ತಲೆಮಾರಿಗೂ ಹೊಸದು ಮಾಡುತ್ತದೆ. ಕರಗದೆ ಉಳಿಯುವ ಹರಳಿಗೆ ಮಾತ್ರ ವಯಸ್ಸಾಗುತ್ತದೆ. ಹೀಗಾಗಿ ಇತ್ತೀಚೆಗೆ ಮಾಡಿಸಿದ ಮೂಗುಬೊಟ್ಟಿನಲ್ಲಿ ಎಷ್ಟೋ ತಲೆಮಾರು ಹಿಂದಿನ ಕೆಂಪು ಕೂತಿರಬಹುದು. ಹವಳದ ಮಾತೂ ಹಾಗೆಯೇ: ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಮೆಡಿಟರೇನಿಯನ್ ಸಮುದ್ರದ ಹವಳವನ್ನು ಲಿಸ್ಬನ್ನಿನ ಮಾರ್ಗವಾಗಿ ಗೋವೆಗೆ ಕಳುಹಿಸಿ, ಅಲ್ಲಿನ ಸಾರಸ್ವತ ವ್ಯಾಪಾರಿಗಳಿಂದ ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು, ಘಟ್ಟದ ಮೇಲೆ, ಗೋವೆಯ ಬೆನ್ನಿಗೇ ಇರುವ ಈ ಸೀಮೆಯ ಹಳೆಯ ಸರಗಳಲ್ಲಿ ಅಂಥ ಕಡಲು ದಾಟಿದ ತುಣುಕುಗಳಿದ್ದರೆ ಆಶ್ಚರ್ಯವಿಲ್ಲ.

ಹಳೆಯ ಕಲ್ಲಿಗೆ ಕಾನೂನಿನ ಕಣ್ಣೂ ಉಂಟು. ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳಿತು. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸದಂತೆ 1972ರ ಪುರಾವಸ್ತು ಕಾಯಿದೆ ತಡೆಯುತ್ತದೆ. ಇವುಗಳಿಗಿಂತ ಪತ್ತಾರರನ್ನು ನೇರವಾಗಿ ತಟ್ಟಿದ್ದು 1963ರ ಚಿನ್ನ ನಿಯಂತ್ರಣದ ಆಜ್ಞೆ. ಹೊಸ ಒಡವೆ ಹದಿನಾಲ್ಕು ಕ್ಯಾರೆಟ್ಟಿಗೆ ಮೀರಬಾರದೆಂದು ಅದು ವಿಧಿಸಿದಾಗ ದೇಶದ ತುಂಬ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1968ರಲ್ಲಿ ಕಾಯಿದೆಯ ರೂಪ ತಳೆದು 1990ರವರೆಗೆ ಉಳಿದ ಈ ನಿಯಂತ್ರಣ ಚಿನ್ನದ ಗುಂಜಿಗುಂಜಿಗೂ ಲೆಕ್ಕ ಕೇಳಿತು, ಅದರಲ್ಲಿ ಕೂತ ಹರಳನ್ನು ಕೇಳಲಿಲ್ಲ.

ಪತ್ತಾರನ ತಕ್ಕಡಿಯೂ ಅಷ್ಟೆ. ಹಳೆಯ ಒಡವೆ ಬಂದಾಗ ಅವನು ಮೊದಲು ಹಿಂಬದಿಯ ತಗಡನ್ನು ಎಬ್ಬಿಸಿ, ಒಳಗೆ ತುಂಬಿದ ಅರಗನ್ನು ಕರಗಿಸಿ ತೆಗೆದು, ಹರಳುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ; ಹರಳಿಗೆ ಬಣ್ಣ ಬರಲೆಂದು ಅದರಡಿ ಇಟ್ಟ ಹೊಳೆಯುವ ತಗಡಿನ ಚೂರು ಈಗ ಹೊರಬಂದು, ಕೆಂಪೆಂದು ನಂಬಿದ್ದು ಬರಿಯ ಗಾಜೋ ನಿಜವಾದ ಕೆಂಪೋ ಎಂಬುದು ಮನೆಯವರಿಗೆ ಮೊದಲ ಸಲ ತಿಳಿಯುತ್ತದೆ. ಅರಗಿನ ತೂಕ ಕಳೆಯಬೇಕಾದದ್ದೆಷ್ಟು, ಕರಗುವಲ್ಲಿ ಹೋಗುವ ಸವಕಳಿ ಎಷ್ಟು, ಮಜೂರಿ ಎಷ್ಟು ಎಂದು ಚಿನ್ನದ ಮೇಲೆ ದೀರ್ಘ ಚೌಕಾಸಿ ನಡೆಯುತ್ತದೆ. ಅಷ್ಟು ಹೊತ್ತೂ ಹರಳುಗಳು ಹಾಳೆಯ ತುಂಡಿನಲ್ಲಿ ಒಂದು ಬದಿಗೆ ಬಿದ್ದಿರುತ್ತವೆ. ಒಡವೆ ತಂದ ಹೆಂಗಸು ಅವನ್ನು ಎಣಿಸಿ, ಪೊಟ್ಟಣ ಕಟ್ಟಿಸಿಕೊಂ​ಡು, ಸೆರಗಿನ ಗಂಟಿಗೆ ಸೇರಿಸುತ್ತಾಳೆ.